ಅಮ್ಮನ ಹೊಟ್ಟೆಗಿಳಿದ ಕಡಲಪಾಚಿ

ನನ್ನ ತಮ್ಮ ರೇಷ್ಮೆ ಇಲಾಖೆಯಲ್ಲಿದ್ದಾನೆ. ರೇಷ್ಮೆಹುಳುವಿನ ಅಧ್ಯಯನಕ್ಕೆಂದು ಜಪಾನಿನಿಂದ ಬಂದಿದ್ದ ಹುಡುಗಿಯನ್ನು ಅವನು ಮದುವೆಯಾಗುತ್ತೇನೆಂದಾಗ, ಹೊಳವನಹಳ್ಳಿಯ ನಮ್ಮ ಮನೆಯಲ್ಲಿ ಮೊದಲು ಒಪ್ಪಿದವಳು ಅಮ್ಮ. ಕುರಿ ಮೇಯಿಸಿಕೊಂಡು ಬಾಳಿದವಳು, ಕಡಲನ್ನು ಕಂಡವಳಲ್ಲ. "ಹುಳ ಸಾಕೋಳು ಅಂದ್ಮೇಲೆ ಮೂಕಜೀವದ ಹಸಿವು ತಿಳಿದೋಳೇಯ" ಎಂದಳು, ಅಷ್ಟೆ.

ಸೊಸೆ ಮೊದಲ ಸಲ ಬಂದಾಗ ಒಣಗಿದ ಕಡಲಪಾಚಿಯ ಕಟ್ಟು ತಂದಳು. ಕಾಗದದಷ್ಟು ತೆಳ್ಳಗಿನ ಕಪ್ಪುಹಸಿರು ಹಾಳೆಗಳು. ಅಮ್ಮ ಒಂದನ್ನು ಕಣ್ಣು ಮುಚ್ಚಿ ಮೂಸಿದಳು. "ಕೆರೆ ಕೋಡಿ ಬಿದ್ದಾಗ ಬತ್ತದಲ್ಲ, ಅಂಗದೆ ವಾಸ್ನೆ" ಅಂದಳು. ಆ ರಾತ್ರಿ ಅಮ್ಮ ಅನ್ನದ ಜೊತೆ ಪಾಚಿ ತಿಂದಳು, ಸೊಸೆ ದೊಡ್ಡದೊಂದು ರಾಗಿಮುದ್ದೆ ನುಂಗಿದಳು. ಬೆಳಗ್ಗೆ ಇಬ್ಬರಿಗೂ ಹೊಟ್ಟೆ ಉಬ್ಬರ. ಜಗಲಿಯ ಮೇಲೆ ಒಟ್ಟಿಗೆ ಕೂತು ಜೀರಿಗೆ ಕಷಾಯ ಕುಡಿಯುವಾಗ ಇಬ್ಬರಿಗೂ ನಗು ಬಂತು.

ಸೊಸೆ ಪುಸ್ತಕದಿಂದ ಕಲಿತ ತನ್ನ ಕನ್ನಡದಲ್ಲಿ ವಿವರಿಸಿದಳು. "ಅತ್ತೆ, ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಇವೆ. ನಮ್ಮಿಂದ ಅರಗಿಸಲು ಆಗದ್ದನ್ನು ಅವು ಅರಗಿಸುತ್ತವೆ. ಅದರಿಂದ ಕರುಳಿಗೂ ಪೋಷಣೆ ಸಿಗುತ್ತದೆ. ನಮ್ಮ ಹಿರಿಯರು ಪಾಚಿ ತಿಂದಾಗ ಅದರ ಮೇಲಿದ್ದ ಕಡಲಿನ ಜೀವಿಗಳೂ ಒಳಗೆ ಹೋದವು. ಪಾಚಿ ಒಡೆಯುವ ವಿದ್ಯೆಯನ್ನು ಹೊಟ್ಟೆಯಲ್ಲಿದ್ದ ಜೀವಿಗಳಿಗೆ ಕೊಟ್ಟವು."

"ಯೋಳ್ಕೊಟ್ಟವಾ?"

"ಒಂದರ ಮೈಯಿಂದ ಇನ್ನೊಂದರ ಮೈಗೆ ದಾಟಿತು."

"ನಮ್ಮವು ರಾಗಿ ಉಂಡು ಬೆಳೆದವು. ಈಗ ಕಲಿತಾವಾ?"

"ಹೇಳಲು ಆಗುವುದಿಲ್ಲ. ಸ್ವಲ್ಪ ಸ್ವಲ್ಪ ಕೊಟ್ಟು ನೋಡಬೇಕು."

ಅಂದಿನಿಂದ ಅಮ್ಮ ದಿನವೂ ಉಗುರಿನಷ್ಟು ಪಾಚಿ ಸಾರಿಗೆ ಹಾಕಿಕೊಂಡಳು. ಸೊಸೆ ನಿಂಬೆಹಣ್ಣಿನಷ್ಟು ಮುದ್ದೆ ಉಣ್ಣತೊಡಗಿದಳು. ಸಿದ್ದರಬೆಟ್ಟದ ಮೇಲೆ ಮಂಜು ಕೂತಿರುವ ಬೆಳಗುಗಳಲ್ಲಿ ಅಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು, "ಒಳಗೆ ನೀರು ತೂಗಾಡಿದಂಗಾಯ್ತದೆ" ಎನ್ನುತ್ತಿದ್ದಳು. ಅರೆನಿದ್ದೆಯಲ್ಲಿ ಕೇಳುತ್ತಿದ್ದ ನನಗೂ ನಮ್ಮ ಹಟ್ಟಿಯ ಕುರಿಗಳೆಲ್ಲ ಹಸಿರು ನೀರಿನೊಳಗೆ ಮೇಯುತ್ತಿರುವಂತೆ ಕಾಣುತ್ತಿತ್ತು. ಬರಬರುತ್ತ ಉಬ್ಬರ ನಿಂತಿತು. ಕಲಿತದ್ದು ಆ ಜೀವಿಗಳೋ, ಬರೀ ಅಭ್ಯಾಸಬಲವೋ, ಸೊಸೆಯೂ ಖಚಿತವಾಗಿ ಹೇಳಲಿಲ್ಲ.

ಅಷ್ಟರಲ್ಲಿ ಅಮ್ಮನಿಗೆ ಸುಸ್ತು ಹೆಚ್ಚಾಯಿತು. ಕೊರಟಗೆರೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಥೈರಾಯ್ಡ್ ಎಂದರು. ಊಟದ ಬಗ್ಗೆ ವಿಚಾರಿಸಿ, ಪಾಚಿಯಲ್ಲಿ ಅಯೋಡಿನ್ ಜಾಸ್ತಿ, ಈ ಕಾಯಿಲೆಗೆ ಅಷ್ಟು ಆಗದು, ಅದನ್ನು ಬಿಡುವುದೇ ಒಳ್ಳೆಯದು ಎಂದರು. ಜೊತೆಗೆ ಹೋಗಿದ್ದ ಸೊಸೆ ಮನೆಗೆ ಬಂದವಳೇ ಪಾಚಿಯ ಕಟ್ಟನ್ನು ಸುತ್ತಿ ಅಟ್ಟಕ್ಕೆ ಹಾಕಿದಳು. ತಾನೂ ತಿನ್ನುವುದನ್ನು ಬಿಟ್ಟಳು.

ಅಮ್ಮ ಕೆಲವು ದಿನ ನೋಡಿದಳು. ಒಂದು ಮಧ್ಯಾಹ್ನ ನನ್ನಿಂದ ಕಟ್ಟನ್ನು ಇಳಿಸಿಕೊಂಡು, ಒಂದು ಹಾಳೆಯನ್ನು ಒಲೆಯ ಉರಿಗೆ ಹಿಡಿದು ಬೆಚ್ಚಗೆ ಮಾಡಿ ಸೊಸೆಯ ತಟ್ಟೆಗಿಟ್ಟಳು.

"ಬೇಡ ಅತ್ತೆ. ನಿಮಗೆ ಇಲ್ಲದ್ದು ನನಗೂ ಬೇಡ."

"ಡಾಕ್ಟ್ರು ಬ್ಯಾಡ ಅಂದಿದ್ದು ನಂಗೆ ಕಣಮ್ಮ, ನಿಂಗಲ್ಲ. ಆ ಜೀವಗಳು ಅಷ್ಟು ದೂರ್ದಿಂದ ನಿನ್ ಹೊಟ್ಟೇಲಿ ಕುಂತ್ಕಂಡು ಬಂದವೆ. ಅವುನ್ನ ಉಪಾಸ ಕೆಡವ್‌ಬ್ಯಾಡ."

ಸೊಸೆ ತಲೆ ತಗ್ಗಿಸಿ ಹಾಳೆಯನ್ನು ಮುರಿದಳು. ಗರಿಗರಿ ಸದ್ದಾಯಿತು. ಅವಳು ಅಗಿದು ನುಂಗುವವರೆಗೂ ಅಮ್ಮ ಎದುರಿಗೇ ಕೂತಿದ್ದಳು.