ಕಿನುಯೊಸಾನ್ ಕೈಯ ವಾಸನೆ

ಜಪಾನಿನ ಮತ್ಸುಯಾಮಾದ ನಮ್ಮ ಪ್ರಯೋಗಾಲಯದಲ್ಲಿ ಕಿನುಯೊಸಾನ್ ಹತ್ತೊಂಬತ್ತು ವರ್ಷ ಚಿಪ್ಪಿಲ್ಲದ ಬಸವನಹುಳುಗಳನ್ನು ಸಾಕಿದರು. ನಾನು ಅಲ್ಲೇ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಮೊಟ್ಟೆಗಳನ್ನು ಅವರು ಬರಿಗೈಯಲ್ಲೇ ಎತ್ತುತ್ತಿದ್ದರು. ಗ್ಲೌಸ್ ಹಾಕಿದರೆ ಒಡೆಯುತ್ತವೆ ಅನ್ನುವುದು ಅವರ ಹಟ. ನನ್ನ ಕೈಯಲ್ಲಿ ಗ್ಲೌಸ್ ಇಲ್ಲದೆಯೂ ಒಡೆಯುತ್ತಿದ್ದವು.

ಆ ವರ್ಷ ಹಿಮುರೊ ಎಂಬ ಸಂಶೋಧಕನ ಡಾಕ್ಟರೇಟ್ ಈ ಹುಳುಗಳನ್ನೇ ನಂಬಿಕೊಂಡಿತ್ತು. ಹುಳುವಿನ ಮೂಗು ಇರುವುದು ಕೊಂಬಿನ ತುದಿಯಲ್ಲಿ. ಅಲ್ಲಿಂದ ವಾಸನೆಯ ಸುದ್ದಿ ಮಿದುಳಿನ ಒಂದು ನರಕೋಶಗಳ ಗುಂಪಿಗೆ ಹೋಗುತ್ತದೆ. ಆ ಗುಂಪಿನಲ್ಲಿ ಸದಾ ಸಣ್ಣ ಅಲೆ ಏಳುತ್ತಿರುತ್ತದೆ, ವಾಸನೆ ತಾಗಿದರೆ ಅದರ ಲಯ ಬದಲಾಗುತ್ತದೆ. ಹೊಸ ವಾಸನೆಯ ಜೊತೆ ಒಮ್ಮೆ ಕಹಿ ಉಣಿಸಿದರೆ ಸಾಕು, ಹುಳು ಮತ್ತೆ ಅತ್ತ ಸುಳಿಯುವುದಿಲ್ಲ.

ಹಿಮುರೊ ಕ್ಯಾರೆಟ್ ವಾಸನೆಯ ಜೊತೆ ಕಹಿ ಕೊಟ್ಟ. ಮರುದಿನ ಅವು ಕ್ಯಾರೆಟ್ ಕಡೆಗೇ ಹೊರಟವು. ಹುಳುಗಳ ಮೂರು ತಂಡಗಳೂ ಹೀಗೇ ಕೈಕೊಟ್ಟವು. ಇನ್ನೊಂದು ಸಲ ಹೀಗಾದರೆ ಊರಿಗೆ ಹೋಗಿ ಅಪ್ಪನ ಅಂಗಡಿಯಲ್ಲಿ ಮೀನು ಕತ್ತರಿಸುತ್ತೇನೆ ಎಂದ. ತಮಾಷೆಗೆ ಹೇಳಿದ್ದಲ್ಲ, ಅವನು ಸರಿಯಾಗಿ ಊಟ ಮಾಡಿ ವಾರವಾಗಿತ್ತು.

ಒಂದು ಬೆಳಿಗ್ಗೆ ಕಿನುಯೊಸಾನ್ ಹುಳುಗಳ ಪೆಟ್ಟಿಗೆಯೊಳಗೆ ಖಾಲಿ ಕೈ ಇಟ್ಟರು. ಹುಳುಗಳು ಕೊಂಬು ಚಾಚಿ ಬೆರಳಿನತ್ತ ತೆವಳಿದವು. ನಾನು ಇಟ್ಟರೆ ಒಂದೂ ಮಿಸುಕಲಿಲ್ಲ. ಹೆತ್ತಮ್ಮನ ಗುರುತು ಸಿಕ್ಕಿದೆ ಅವಕ್ಕೆ ಎಂದು ರೇಗಿಸಿದೆ. ಅವರು ನಗಲಿಲ್ಲ. ಅಂಗೈ ಮೂಸಿ ನೋಡಿಕೊಂಡರು. ಮುಖ ಬಾಡಿತು.

ಅವರ ಮನೆಯಲ್ಲಿ ಅಕ್ಕಿ ತೌಡಿನ ಮರದ ತೊಟ್ಟಿಯೊಂದಿತ್ತು, ಅತ್ತೆ ಒಪ್ಪಿಸಿ ಹೋದದ್ದು. ಅದರಲ್ಲಿ ಮೂಲಂಗಿ, ಕ್ಯಾರೆಟ್ ಹುಗಿದು ಉಪ್ಪಿನಕಾಯಿ ಮಾಡುತ್ತಿದ್ದರು. ದಿನವೂ ಬರಿಗೈಯಲ್ಲಿ ತಳದವರೆಗೆ ಕಲಸದಿದ್ದರೆ ತೌಡು ಕೆಡುತ್ತದೆ. ನಲವತ್ತು ವರ್ಷ ಒಂದು ಬೆಳಿಗ್ಗೆಯೂ ತಪ್ಪಿಸಿರಲಿಲ್ಲ. ಕಲಸಿದ ಕೈ ತೊಳೆದು ನೇರ ಕೆಲಸಕ್ಕೆ ಬರುತ್ತಿದ್ದರು.

ಅವರು ಹಿಮುರೊ ಎದುರು ಹೋಗಿ ನಿಂತರು. "ಹುಳುಗಳದ್ದು ತಪ್ಪಿಲ್ಲಪ್ಪ. ಹುಟ್ಟಿದಾಗಿಂದ ನನ್ನ ಕೈಯಲ್ಲಿ ಕ್ಯಾರೆಟ್ ಮೂಸ್ಕೊಂಡೇ ಉಂಡಿವೆ. ಅನ್ನ ಹಾಕಿದ ವಾಸನೆನ ಒಂದು ದಿನದ ಕಹಿಗೆ ಯಾರು ಬಿಡ್ತಾರೆ? ನನ್ನನ್ನ ಕೆಲಸದಿಂದ ತೆಗೆದುಬಿಡಿ."

"ನೀವು ಹೋದ್ರೆ ಮೊಟ್ಟೆ ಯಾರು ಎತ್ತಬೇಕು?" ಎಂದ ಹಿಮುರೊ.

ಅವನಿಗೆ ಇನ್ನೊಂದು ವರ್ಷದ ಅವಕಾಶ ಸಿಕ್ಕಿತು. ಕಿನುಯೊಸಾನ್ ತೊಟ್ಟಿಯನ್ನು ಸೈಕಲ್ಲಿಗೆ ಕಟ್ಟಿ ನನ್ನ ಮನೆಗೆ ತಂದರು. ದಿನಾ ಕಲಸಬೇಕು, ಒಂದು ದಿನ ಬಿಟ್ಟರೂ ನನಗೆ ಗೊತ್ತಾಗುತ್ತದೆ ಎಂದು ಎಚ್ಚರಿಸಿ, ಹಿಂದಿರುಗಿ ನೋಡದೆ ಹೋದರು. ಹೊಸ ಮರಿಗಳ ಕೋಣೆಗೆ ಅಂದಿನಿಂದ ನನಗೆ ಪ್ರವೇಶ ಬಂದ್.

ಮುಂದಿನ ವರ್ಷ ಹೊಸ ಹುಳುಗಳು ಒಂದೇ ಕಹಿ ತುತ್ತಿಗೆ ಕ್ಯಾರೆಟ್ಟಿನಿಂದ ಮುಖ ತಿರುಗಿಸಿದವು. ಹಿಮುರೊ ಅತ್ತುಬಿಟ್ಟ. ಕಿನುಯೊಸಾನ್ ಅವನ ಬೆನ್ನು ಸವರಿ, ಎಸೆಯದೆ ಉಳಿಸಿಕೊಂಡಿದ್ದ ಹಳೆಯ ಹುಳುಗಳ ಪೆಟ್ಟಿಗೆಯ ಹತ್ತಿರ ಬಂದು ಕೈ ಇಳಿಸಿದರು. ಒಂದೂ ಮಿಸುಕಲಿಲ್ಲ. ಸ್ವಲ್ಪ ಹೊತ್ತಿಗೆ ಅವು ಕೊಂಬು ಚಾಚಿ, ಪೆಟ್ಟಿಗೆಯ ಅಂಚು ಹಿಡಿದು ನಿಂತಿದ್ದ ನನ್ನ ಬೆರಳುಗಳತ್ತ ಹೊರಟವು. ಕದ್ದು ಸಿಕ್ಕಿಬಿದ್ದಂತೆ ನನಗೆ ನಾಚಿಕೆಯಾಯಿತು.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ಚೆನ್ನಾಗಿ ಕಲಸ್ತಿದ್ದೀಯ," ಅಂದರು.