ಎದೆಲ್ಮಿರಾಳ ಪ್ಲಗ್ಗುಗಳ ಮಸಿ

ಮತಾಂಸಾಸ್ ಊರಿನಲ್ಲಿ ಶೇರ್ ಟ್ಯಾಕ್ಸಿ ಓಡಿಸುವ ಎದೆಲ್ಮಿರಾಗೆ ಅರವತ್ತು ದಾಟಿತ್ತು. ಅವಳ ಚೆವ್ರೊಲೆ ಕಾರಿಗೆ ಇನ್ನೂ ಹೆಚ್ಚು. ಗಂಡ ಸತ್ತಮೇಲೆ ಅವಳ ಪಾಲಿಗೆ ಉಳಿದದ್ದು ಆ ಕಾರು, ಮತ್ತು ಬಾಯಿ. ಹತ್ತಿದವರು ಬಾಗಿಲನ್ನು ದಡಾರನೆ ಹಾಕಿದರೆ, "ನಿಮ್ಮನೆ ಫ್ರಿಜ್ ಅಂದ್ಕೊಂಡ್ಯಾ?" ಎಂದು ಹರಿಹಾಯುತ್ತಿದ್ದಳು.

ಭಾನುವಾರ ಮಾತ್ರ ಅದೇ ಬಾಯಿ ಸಕ್ಕರೆ. ಅಂದು ಹಿಂದಿನ ಬೀದಿಯ ಮೆಕ್ಯಾನಿಕ್ ಅನ್ಸೆಲ್ಮೊ ಬರುತ್ತಿದ್ದ. ಅವನ ಹೆಂಡತಿಯೂ ತೀರಿಕೊಂಡು ವರ್ಷಗಳಾಗಿದ್ದವು. ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗುಗಳನ್ನು ಬಿಚ್ಚಿ, ಕಟ್ಟೆಯ ಮೇಲೆ ಸಾಲಾಗಿಟ್ಟು, ಜಾತಕ ನೋಡುವವನಂತೆ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದ. ತುದಿ ಕಂದುಬಣ್ಣವಿದ್ದರೆ ಎಂಜಿನ್ ಕ್ಷೇಮ, ಬೆಳ್ಳಗಿದ್ದರೆ ಕಾವು ಜಾಸ್ತಿ, ಒಣ ಮಸಿಯಿದ್ದರೆ ಪೆಟ್ರೋಲ್ ಜಾಸ್ತಿ. ಎದೆಲ್ಮಿರಾಳದು ಪ್ರತಿ ವಾರವೂ ಮಸಿಯೇ.

"ಮತ್ತೆ ಕಪ್ಪಾಗಿದ್ಯಲ್ಲೇ ಮಾರಾಯ್ತಿ!"

"ನಂಗೇನಪ್ಪಾ ಗೊತ್ತು? ಮೊದ್ಲು ಕಾಫಿ ಕುಡಿ."

ಗೊತ್ತಿಲ್ಲದೆ ಏನು? ಶನಿವಾರ ಬೇಕೆಂದೇ, ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಕುಡಿಸುವ ಚೋಕ್ ಎಳೆದುಕೊಂಡು ಊರು ಸುತ್ತಿ ಮಸಿ ಕಟ್ಟಿಸುತ್ತಿದ್ದವಳೇ ಅವಳು. ಸುಮ್ಮನೆ ಕಾಫಿಗೆ ಕರೆದರೆ ಬೀದಿಯವರ ಬಾಯಿ ಮುಚ್ಚಿಸುವವರು ಯಾರು?

ಹೀಗಿರುವಾಗ ಮಯಾಮಿಯಿಂದ ಅವಳ ಅಕ್ಕ ನೊರ್ಮಾ ಬಂದಳು. ಸೂಟ್‌ಕೇಸಿನಲ್ಲಿ ಸೋಪು, ಮಾತ್ರೆಗಳ ನಡುವೆ ಹೊಸ ಪ್ಲಗ್ಗುಗಳು.

"ಇನ್ಮೇಲೆ ಯಾವ ಮೆಕ್ಯಾನಿಕ್ಕೂ ಬೇಡ ಕಣೇ!"

ಪ್ಲಗ್ಗಿನ ಪಿಂಗಾಣಿ ಮೂಗು ಉದ್ದವಿತ್ತು. ಅಂಥವು ಕಾವು ಹಿಡಿದಿಟ್ಟುಕೊಂಡು ತಮ್ಮ ಮಸಿಯನ್ನು ತಾವೇ ಸುಟ್ಟುಕೊಳ್ಳುತ್ತವೆ. ಮುದಿ ಎಂಜಿನ್ನಿಗೆ ಹೇಳಿ ಮಾಡಿಸಿದ್ದು. ಚೋಕ್ ಎಷ್ಟು ಎಳೆದರೂ ದಂಡ. ನನ್ನ ಭಾನುವಾರ ಮುಗಿಯಿತು ಎಂದುಕೊಂಡಳು ಎದೆಲ್ಮಿರಾ.

ಆ ಭಾನುವಾರ ಬಂದ ಅನ್ಸೆಲ್ಮೊ ಹೊಸ ಪ್ಲಗ್ಗನ್ನು ತಿರುಗಿಸಿ ನೋಡಿದ. ಮುಖ ಸಪ್ಪಗಾಯಿತು.

"ಇದು ನಿನ್ ಗಾಡಿಗೆ ಆಗಲ್ಲ," ಎಂದು ತನ್ನ ಜೇಬಿನಿಂದ ಬೇರೆಯದನ್ನು ತೆಗೆದ. "ಇದೇ ಸರಿ."

ಎದೆಲ್ಮಿರಾ ಅದನ್ನು ಕಿತ್ತುಕೊಂಡು ನೋಡಿದಳು. ಮೋಟು ಮೂಗು. ಬೇಗ ತಣ್ಣಗಾಗಿ ಬೇಗ ಮಸಿ ಹಿಡಿಯುವ ಜಾತಿ. ಇಷ್ಟು ಕಾಲ ಅವನು ಹಾಕಿಕೊಡುತ್ತಿದ್ದದ್ದೂ ಇದನ್ನೇ.

"ಯಾವಾಗಿಂದ ನಡೀತಿದ್ಯೋ ಇದು, ಕಳ್ಳಾ? ಕಪ್ಪಾಗ್ಲಿ ಅಂತಾನೇ ಹಾಕ್ತಿದ್ದೆ, ಅಲ್ವಾ?"

ಅನ್ಸೆಲ್ಮೊನ ಕಿವಿ ಕೆಂಪಾಯಿತು. "ನೀನ್ ಚೋಕ್ ಎಳೀತಿದ್ಯಲ್ಲ, ಪಾಪ ಒಬ್ಳೇ ಕಷ್ಟಪಡ್ತಾಳೆ ಅಂತ ನಾನೂ ಒಂದ್ ಕೈ ಸೇರಿಸ್ದೆ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೊಸದನ್ನೇ ಹಾಕು. ಮುಂದಿನ ವಾರ ಸುಮ್ನೆ ಬಾ. ಬೀದಿಯೋರು ಏನಾದ್ರೂ ಅಂದ್ಕೊಳ್ಲಿ."

ಮುಂದಿನ ಭಾನುವಾರ ಅನ್ಸೆಲ್ಮೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸ್ಪ್ಯಾನರ್ ಕೂಡ ಇಲ್ಲದೆ ಬರಿಗೈಯಲ್ಲಿ ಬಂದ. ಕಾಫಿ ಮುಗಿಯಿತು. ಇನ್ನೊಂದು ಲೋಟವೂ ಮುಗಿಯಿತು. ಮಹಾರಾಯನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಇಷ್ಟು ವರ್ಷ ಆಡಿದ್ದೆಲ್ಲ ಎಂಜಿನ್ನಿನೊಳಗೆ ತಲೆ ತೂರಿಸಿಕೊಂಡೇ. ಮುಖ ನೋಡಿ ಮಾತಾಡುವ ರೂಢಿಯೇ ಅವನಿಗಿರಲಿಲ್ಲ. ಎದೆಲ್ಮಿರಾಗೆ ಅಯ್ಯೋ ಅನ್ನಿಸಿತು, ಪ್ರೀತಿಯೂ ಉಕ್ಕಿತು. ಎದ್ದು ಹೋಗಿ ಬಾನೆಟ್ ಎತ್ತಿದಳು.

"ಬಾ, ಇಲ್ಲಿ ತಲೆ ಹಾಕ್ಕೊಂಡ್ ಹೇಳು."

ಅನ್ಸೆಲ್ಮೊ ಏನೂ ಕೆಡದ ಎಂಜಿನ್ನಿನ ಮೇಲೆ ಬಗ್ಗಿ, ನನ್ನನ್ನು ಮದುವೆಯಾಗ್ತೀಯಾ ಎಂದು ಕಾರ್ಬುರೇಟರನ್ನು ಕೇಳಿದ.