ಸೌಟು ಹಾಕಿದ ಸಾರು

ಹುಣಸೆಹುಳಿಗೆ ಮೀನು ಬಿದ್ದ ವಾಸನೆ ಈಗಷ್ಟೇ ಎದ್ದಿದೆ. ಜಗಲಿಯ ಮೇಲೆ ನನ್ನ ಇಬ್ಬರು ಗಂಡುಮಕ್ಕಳು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂತಿದ್ದಾರೆ. ಹಬ್ಬ ಕಳೆದಾಗಿನಿಂದ ಮಾತಿಲ್ಲ, ಕತೆಯಿಲ್ಲ. ನಾನು ಹೊಸ ಸೊಸೆಯಾಗಿದ್ದಾಗಲೂ ಮಳೂರಿನ ಈ ಮನೆಗೆ ಇಂಥದೇ ಒಂದು ಮಧ್ಯಾಹ್ನ ಬಂದಿತ್ತು, ಕೇಳಿ.

ನಾನು ಮಾಗಡಿ ಸೀಮೆಯವಳು. ಕೆರೆಯಿಲ್ಲದ ಬೆದ್ದಲು ಊರು, ಹುರುಳಿ ಸಾರನ್ನಾದರೆ ಕಣ್ಣುಮುಚ್ಚಿ ಮಾಡುತ್ತಿದ್ದೆ. ಮೀನು ನನ್ನನ್ನು ನೋಡುತ್ತಿತ್ತು, ನಾನು ಅದನ್ನು ನೋಡುತ್ತಿದ್ದೆ, ಅಷ್ಟೇ ನಮ್ಮ ಪರಿಚಯ. ಆಗ ನನ್ನ ಗಂಡ ತಮ್ಮ ಅಣ್ಣನನ್ನು ಒಂದು ಮಾತೂ ಕೇಳದೆ ಎತ್ತು ಮಾರಿಬಿಟ್ಟಿದ್ದರು. ಭಾವ ಗಂಟು ಕಟ್ಟಿದರು. ಕನಕಪುರದಲ್ಲಿದ್ದ ಅವರ ಹೆಂಡತಿಯ ತವರಿನಿಂದ ಗಾಡಿಯೂ ಬಂತು.

"ಇನ್ನು ಈ ಮನೇಲಿ ಒಂದು ತೊಟ್ಟು ನೀರೂ ಮುಟ್ಟಾಕಿಲ್ಲ" ಅಂದರು. ಮಹಾ ಛಲದವರು, ಹೋದರೆ ಮತ್ತೆ ಹೊಸಿಲು ತುಳಿಯುವವರಲ್ಲ. ನನ್ನ ಗಂಡನೋ, ಹಿತ್ತಲಲ್ಲಿ ಯಾರಿಗೂ ಬೇಡದ ಸೌದೆ ಸೀಳುತ್ತಿದ್ದರು.

ಅತ್ತೆಗೆ ಕಣ್ಣು ಮಂಜಾಗಿತ್ತು. ಆದರೂ ಕೆರೆಯಿಂದ ಆಗಷ್ಟೇ ಬಂದ, ಮೈತುಂಬ ಮುಳ್ಳಿನ ಗೆಂಡೆ ಮೀನನ್ನು ತಡವಿ ತಡವಿ ತೊಳೆದು ನನ್ನ ಮುಂದಿಟ್ಟರು.

"ಗಾಡಿ ಎತ್ತು ಹುಲ್ಲು ತಿಂದು ಮುಗಿಸೋದ್ರೊಳಗೆ ಸಾರು ಆಗ್ಬೇಕು ಕಣವ್ವ. ಗೆಂಡೆ ಅಂದ್ರೆ ದೊಡ್ಡೋನು ಪ್ರಾಣ ಬುಡ್ತಾನೆ. ಹುಳಿ ಕುದಿ ಬಂದ್ಮೇಲೆ ಮೀನು ಬುಡು."

ಹೇಳಿದವರೇ ಗೋಡೆ ಹಿಡಿದುಕೊಂಡು ಜಗಲಿಗೆ ಹೋದರು. ಖಾರ ಅರೆದೆ, ಹುಳಿ ಕಿವುಚಿದೆ, ಕುದಿ ಬಂತು, ಮೀನು ಬಿಟ್ಟೆ. ಅಷ್ಟರಲ್ಲಿ ಹೊರಗೆ ಎತ್ತಿನ ಕೊರಳ ಗಂಟೆ ಅಲ್ಲಾಡಿತು. ಅಯ್ಯೋ, ಗಾಡಿ ಕಟ್ಟುತ್ತಿದ್ದಾರೆ! ತಳ ಹಿಡಿದೀತೆಂದು ಸೌಟು ಹಾಕಿ, ಹುರುಳಿ ಸಾರು ತಿರುವಿದ ಹಾಗೆ ಗರಗರ ತಿರುವಿದೆ. ಮೀನು ಬಿಟ್ಟ ಮೇಲೆ ಸೌಟು ಹಾಕಬಾರದು, ಮಡಕೆಯ ಕಂಠ ಹಿಡಿದು ಮೆಲ್ಲಗೆ ಕುಲುಕಬೇಕು. ಮಳೂರಿನ ಕೂಸಿಗೂ ಗೊತ್ತಿದ್ದ ವಿಷಯ. ಅದಕ್ಕೇ ಅತ್ತೆ ಹೇಳಿರಲಿಲ್ಲ. ಮೀನೆಲ್ಲ ಒಡೆದು ಸಾರಿನ ತುಂಬ ಮುಳ್ಳೋ ಮುಳ್ಳು.

ಅಳುತ್ತಲೇ ತಣಿಗೆಯಲ್ಲಿ ಮುದ್ದೆ, ಸಾರು ಬಡಿಸಿ ತಂದಿಟ್ಟೆ. ಭಾವ ತಿರುಗಿಯೂ ನೋಡದೆ ಗಾಡಿಯತ್ತ ನಡೆದರು. "ಅವನು ಉಣ್ದಿದ್ರೆ ಬುಡು, ನಾನೇ ಉಣ್ತೀನಿ" ಎಂದು ಅತ್ತೆ ತುತ್ತು ಬಾಯಿಗಿಟ್ಟರು. ಕೆಮ್ಮಿದರು. ಕೆಮ್ಮು ನಿಲ್ಲಲಿಲ್ಲ. ಗಂಟಲಲ್ಲಿ ಮುಳ್ಳು!

ಭಾವ ಓಡಿ ಬಂದರು. "ಕಣ್ಣು ಕಾಣಾಕಿಲ್ಲ, ಗೆಂಡೆ ಬೇರೆ ಉಣ್ತಾಳಂತೆ! ಮುದ್ದೆ ನುಂಗವ್ವ, ಹಂಗೇ ನುಂಗು!"

ಮುದ್ದೆಯ ಜೊತೆ ಮುಳ್ಳು ಇಳಿಯಿತು. ಭಾವ ತಣಿಗೆ ಎಳೆದುಕೊಂಡು, ಬೈಯುತ್ತ ಬೈಯುತ್ತಲೇ ಅವ್ವನಿಗಾಗಿ ಮುಳ್ಳು ಆರಿಸತೊಡಗಿದರು. ಆರಿಸಿದಷ್ಟೂ ಇತ್ತು, ನನ್ನ ಕೃಪೆ. ಹಾಗೇ ಯಾವುದೋ ಧ್ಯಾನದಲ್ಲಿ ಬೆರಳಿಗೆ ಹತ್ತಿದ ಸಾರನ್ನು ನೆಕ್ಕಿಬಿಟ್ಟರು. ತೊಟ್ಟು ನೀರೂ ಮುಟ್ಟೆನೆಂದವರ ನಾಲಿಗೆಗೆ ಸಾರು ಹತ್ತಿತ್ತು. ಅವರು ತಲೆ ಎತ್ತದೆ ಆರಿಸುತ್ತಲೇ ಇದ್ದರು.

"ಸೌಟು ಹಾಕ್ದೋರು ಯಾರವ್ವ?" ಎಂದರು ಕೊನೆಗೆ. ನಾನು ಬಾಗಿಲ ಹಿಂದೆ ಸೇರಿಕೊಂಡೆ. ಆಮೇಲೆ ಹಿತ್ತಲ ಕಡೆ ತಿರುಗಿ ಕೂಗಿದರು: "ಲೇ, ಅಲ್ಲೇನ್ಲಾ ಕಡೀತಿದ್ದೀಯ? ಬಾ, ನೀನೂ ಒಸಿ ಮುಳ್ಳು ಆರ್ಸು."

ಗಾಡಿ ಬರಿದಾಗಿ ಹಿಂದಿರುಗಿತು.

ಮೀನು ಒಡೆಯದ ಹಾಗೆ ಸಾರು ಮಾಡುವುದನ್ನು ಆಮೇಲೆ ಕಲಿತೆ. ಈಗ ನನ್ನ ಮೀನುಸಾರೆಂದರೆ ಊರಿಗೇ ಹೆಸರು. ಜಗಲಿಯತ್ತ ಇಣುಕಿದೆ. ಮಕ್ಕಳು ಹಾಗೇ ಕೂತಿದ್ದಾರೆ. ನನಗೂ ಈಗ ಕಣ್ಣು ಮಂಜು. ಸೌಟು ತಗೊಂಡೆ, ಮಡಕೆಗೆ ಹಾಕಿ ಗರಗರ ತಿರುವಿದೆ.